ಆಗದ ಮಾತಿಗೂ ಒಂದು ವ್ಯಾಕರಣ

‘ಇಫ್ ಐ ವರ್ ಯೂ’. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ಸಾಲು. ‘ಐ’ ಬಂದರೆ ‘ವಾಸ್’ ತಾನೇ ಬರಬೇಕು, ‘ವರ್’ ಯಾಕೆ ಅಂತ ಕೇಳಿ ನೋಡಿ. ‘ಅದು ಎಕ್ಸೆಪ್ಷನ್, ಬಾಯಿಪಾಠ ಮಾಡಿಕೊಳ್ಳಿ’ ಎಂಬ ಉತ್ತರ ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರಿಗೆ ಇಂಗ್ಲಿಷ್ ಭಯ ಶುರುವಾಗುವುದೇ ಇಂಥ ಕಡೆ.

ನಿಜಕ್ಕೂ ಅದು ಎಕ್ಸೆಪ್ಷನ್ ಅಲ್ಲ. ನಡೆದದ್ದನ್ನು ಹೇಳುವುದು ಬೇರೆ. ನಡೆಯಲಿ ಅಂತ ಬಯಸುವುದು, ನಡೆಯದ್ದನ್ನು ಊಹಿಸುವುದು ಬೇರೆ. ಈ ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ‘ಸಬ್‌ಜಂಕ್ಟಿವ್ ಮೂಡ್’ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಪ್ರತ್ಯೇಕ ಕ್ರಿಯಾರೂಪಗಳೇ ಇದ್ದವು. ಕಾಲಕ್ರಮೇಣ ಅವೆಲ್ಲ ಸವೆದುಹೋಗಿ ಉಳಿದ ಚೂರುಗಳಲ್ಲಿ ಈ ‘ವರ್’ ಒಂದು. ‘ಗಾಡ್ ಸೇವ್ ದ ಕಿಂಗ್’ನಲ್ಲಿ ‘ಸೇವ್ಸ್’ ಎಂದಿಲ್ಲದಿರುವುದೂ ಇದೇ ಕಾರಣಕ್ಕೆ. ಅದು ಸುದ್ದಿಯಲ್ಲ, ಹಾರೈಕೆ.

ಒಂದು ‘ಎಸ್’ ಎಷ್ಟು ಕೆಲಸ ಮಾಡುತ್ತದೆ ನೋಡಿ. ‘ದ ಡಾಕ್ಟರ್ ಇನ್‌ಸಿಸ್ಟ್ಸ್ ದಟ್ ಹಿ ಈಟ್ ವೆಲ್’ ಅಂದರೆ, ಅವನು ಚೆನ್ನಾಗಿ ತಿನ್ನಲಿ ಅಂತ ಡಾಕ್ಟರ ಒತ್ತಾಯ. ‘ಈಟ್ಸ್’ ಅಂದರೆ, ಅವನು ಚೆನ್ನಾಗಿ ತಿನ್ನುತ್ತಾನೆ ಅಂತ ಡಾಕ್ಟರ ವಾದ ಅನ್ನುವ ಅರ್ಥ ಬಂದುಬಿಡಬಹುದು. ಆಫೀಸಿನ ಪತ್ರದಲ್ಲಿ ಇಂಥ ಒಂದು ಅಕ್ಷರ ಎಡವಟ್ಟಾದರೆ ಆದೇಶವೇ ವರದಿಯಾಗುತ್ತದೆ! ಇಂಗ್ಲಿಷ್ ಬಳಕೆಯ ಬಗ್ಗೆ 1926ರಲ್ಲಿ ನಿಘಂಟು ಬರೆದ ಫೌಲರ್, ಸಬ್‌ಜಂಕ್ಟಿವ್ ಸಾಯುವ ಹಂತದಲ್ಲಿದೆ ಎಂದೇ ಭಾವಿಸಿದ್ದರು. ಅದು ಸಾಯಲಿಲ್ಲ. ಅಮೆರಿಕನ್ ಇಂಗ್ಲಿಷಿನಲ್ಲಂತೂ ಈ ‘ಈಟ್’ ಮಾದರಿ ಈಗಲೂ ಗಟ್ಟಿಯಾಗಿದೆ.

ಇನ್ನೂ ಮಜಾ ಇರುವುದು ಮನುಷ್ಯರು ಕೂತು ಕಟ್ಟಿದ ಭಾಷೆಗಳಲ್ಲಿ. ಮೊದಲಿಂದ ಭಾಷೆ ಕಟ್ಟುವವರಿಗೆ ಬೇಡದ್ದನ್ನು ಬಿಡುವ ಸ್ವಾತಂತ್ರ್ಯ ಇದೆಯಲ್ಲ? ಕಣ್ಣಿನ ವೈದ್ಯ ಜಾಮೆನ್‌ಹಾಫ್ 1887ರಲ್ಲಿ ಎಸ್ಪೆರಾಂಟೊ ಪ್ರಕಟಿಸಿದಾಗ ವ್ಯಾಕರಣವನ್ನು 16 ನಿಯಮಗಳಿಗೆ ಇಳಿಸಿದರು. ಎಕ್ಸೆಪ್ಷನ್‌ಗಳನ್ನು ಕಿತ್ತು ಹಾಕಿದರು. ಆದರೆ ಊಹೆಯನ್ನೂ ಬಯಕೆಯನ್ನೂ ಬಿಡಲಿಲ್ಲ. ‘ವೇನಸ್’ ಅಂದರೆ ಬರುತ್ತಾನೆ. ‘ವೇನುಸ್’ ಅಂದರೆ, ಹಾಗಿದ್ದಿದ್ದರೆ ಬರುತ್ತಿದ್ದ. ‘ವೇನು’ ಅಂದರೆ ಬರಲಿ. ‘ಅವತಾರ್’ ಸಿನಿಮಾಕ್ಕೆ ಪಾಲ್ ಫ್ರಾಮರ್ ಕಟ್ಟಿದ ನಾವಿ ಭಾಷೆಯಲ್ಲೂ ಇದಿದೆ. ‘ತರೊನ್’ ಅಂದರೆ ಬೇಟೆಯಾಡು. ಬೇಟೆಯಾಡುವ ಆಸೆ ಹೇಳಬೇಕಾದರೆ ಪದದ ಹೊಟ್ಟೆಯೊಳಗೇ ‘ಇವ್’ ತೂರಿಸಿ ‘ತಿವರೊನ್’ ಅನ್ನಬೇಕು. ಅನ್ಯಗ್ರಹದ ನೀಲಿ ಜನರಿಗೂ ಆಸೆಗೊಂದು ರೂಪ ಬೇಕಾಯಿತು.

ಈಗ ನಮ್ಮ ಮನೆಗೆ ಬನ್ನಿ. ‘ನಾಳೆ ಮಳೆ ಬಂದರೆ’ ಅನ್ನುತ್ತೇವೆ. ಮಳೆ ಇನ್ನೂ ಬಂದಿಲ್ಲ, ಆದರೂ ‘ಬಂದ’ ಎಂಬ ಭೂತಕಾಲದ ರೂಪ. ‘ನಾನು ನೀನಾಗಿದ್ದರೆ’ ಕೂಡ ಹಾಗೇ. ಇಂಗ್ಲಿಷಿನ ‘ವರ್’ ಮಾಡುವುದೂ ಇದನ್ನೇ: ಇಲ್ಲದ್ದನ್ನು ಹೇಳಲು ಹಿಂದಿನ ಕಾಲದ ಅಂಗಿ ತೊಡುವುದು. ಕ್ಲಾಸಿನಲ್ಲಿ ಯಾರಾದರೂ ಇದನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಎರಡು ನಿಮಿಷದ ಪಾಠ.

ಹೈಸ್ಕೂಲಿನ ವಿಧ್ಯರ್ಥಕ, ಸಂಭಾವನಾರ್ಥಕ ನೆನಪಿದೆಯೇ? ಬರಲಿ, ಬಂದಾನು. ಅಂಕಕ್ಕಾಗಿ ಕಲಿತು ಮರೆತೆವು. ‘ಬರಲಿ’ ನಾಲಿಗೆಯ ಮೇಲೆ ಚೆನ್ನಾಗಿಯೇ ಉಳಿದಿದೆ. ‘ಬಂದಾನು’, ‘ಆದೀತು’ಗಳ ಜಾಗಕ್ಕೆ ಮಾತ್ರ ಪೇಟೆಯ ಮಾತಿನಲ್ಲಿ ‘ಬರಬಹುದು’, ‘ಆಗಬಹುದು’ ಬಂದು ಕೂತಿವೆ. ನನಗೆ ಇವೆರಡೂ ಒಂದೇ ಅನ್ನಿಸುವುದಿಲ್ಲ. ಪೇರಲೆ ಮರದ ತುದಿಗೆ ಹತ್ತಿದ ಮಗನಿಗೆ ಅಮ್ಮ ‘ಬಿದ್ದೀಯ, ಜೋಕೆ!’ ಎಂದು ಕೂಗುತ್ತಾಳೆ. ‘ನೀನು ಬೀಳಬಹುದು’ ಎಂದು ಕೂಗುವ ಅಮ್ಮನನ್ನು ನಾನಂತೂ ನೋಡಿಲ್ಲ.