ಒಳ್ಳೆ ಚಿತ್ರಕ್ಕೆ ಯಾಕೆ ಏಳೇ ಫೇವರಿಟ್?

ನನ್ನ ಹಾಸ್ಟೆಲ್ ರೂಮ್‌ಮೇಟ್ ಬಾಲ್ ಪೆನ್ನಲ್ಲಿ ಚಿತ್ರ ಬಿಡಿಸ್ತಾನೆ. ಕಳೆದ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಲ್ಲಿ ನಿಂತಿದ್ದ ಒಂದು ಕೆಂಪು ಬಸ್ಸನ್ನ ಬಿಡಿಸಿದ್ದ. ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋಗಿರೋ ಅಜ್ಜಿ, ಟಾಪ್ ಮೇಲಿನ ಗೋಣಿಚೀಲ, ಮಡ್‌ಗಾರ್ಡಿಗೆ ಮೆತ್ತಿದ ಕೆಸರು, ಎಲ್ಲಾ ಇತ್ತು. ಹನ್ನೊಂದು ದಿನ ಕೂತು ಮುಗಿಸಿ ಅದನ್ನ ಒಂದು ಆನ್‌ಲೈನ್ ಆರ್ಟ್ ಕಮ್ಯುನಿಟಿಯಲ್ಲಿ ಹಾಕಿದ. ಒಂದು ವಾರದಲ್ಲಿ 7 ಜನ ಫೇವರಿಟ್ ಮಾಡಿದ್ರು. ಅದರಲ್ಲಿ ಒಬ್ಬ ನಾನು.

ಆಮೇಲೆ ಇಂಟರ್ನಲ್ಸ್ ಹಿಂದಿನ ರಾತ್ರಿ ಓದೋಕೆ ಬೇಜಾರಾಗಿ ಒಂದು ಫೇಮಸ್ ಅನಿಮೆ ಪಾತ್ರವನ್ನ ನಲವತ್ತು ನಿಮಿಷದಲ್ಲಿ ಗೀಚಿ ಹಾಕಿದ. ಅದು ಎರಡೇ ದಿನದಲ್ಲಿ 400 ದಾಟಿತು. ಮೂರನೇ ದಿನ ಅವನು ಬಸ್ಸಿನ ಚಿತ್ರ ಡಿಲೀಟ್ ಮಾಡಿದ. ಯಾಕೋ ಅಂದ್ರೆ, "ಅದು ಅಷ್ಟು ಚೆನ್ನಾಗಿರಲಿಲ್ಲ ಬಿಡೋ" ಅಂದ.

ನನಗೆ ಚಿತ್ರ ಬಿಡಿಸೋಕೆ ಬರಲ್ಲ. ಆದರೆ ಬಸ್ಸಿನ ಚಿತ್ರ ಚೆನ್ನಾಗಿತ್ತು ಅಂತ ಹೇಳೋಕೆ ಅಷ್ಟೆಲ್ಲಾ ಬರಬೇಕಾಗಿಲ್ಲ. ಹಾಗಾದರೆ 7 ಮತ್ತು 400 ಅನ್ನೋ ಈ ಎರಡು ಸಂಖ್ಯೆಗಳು ನಿಜವಾಗಿ ಏನನ್ನ ಅಳೆಯುತ್ತಿವೆ? ಲ್ಯಾಬಲ್ಲಿ ಮೀಟರ್ ವಿಚಿತ್ರವಾದ ರೀಡಿಂಗ್ ತೋರಿಸಿದರೆ ನಾವು ಸರ್ಕ್ಯೂಟನ್ನ ಬಿಚ್ಚಿ ಎಸೆಯಲ್ಲ, ಪ್ರೋಬ್ ಎಲ್ಲಿಗೆ ಕನೆಕ್ಟ್ ಆಗಿದೆ ಅಂತ ಮೊದಲು ನೋಡ್ತೀವಿ. ಇಲ್ಲೂ ಅದನ್ನೇ ಮಾಡೋಣ ಅಂತ ಕೂತೆ. ಸಿಕ್ಕಿದ್ದು ಇಷ್ಟು.

ಗೋಬಿ ಗಾಡಿ ಮತ್ತು ಎರಡು ಚೆಂಡು

ಕಾಲೇಜ್ ಗೇಟಿನ ಹೊರಗೆ ಎರಡು ಗೋಬಿ ಗಾಡಿ ಇವೆ ಅಂದ್ಕೊಳ್ಳಿ. ರುಚಿ ಎರಡರದ್ದೂ ಒಂದೇ. ಒಂದರ ಮುಂದೆ ಹತ್ತು ಜನ, ಇನ್ನೊಂದರ ಮುಂದೆ ಇಬ್ಬರು. ಹೊಸದಾಗಿ ಬಂದವನು ಎಲ್ಲಿ ನಿಲ್ತಾನೆ? ಬಹುಶಃ ಹತ್ತು ಜನ ಇರೋ ಕಡೆ. ಅವನು ನಿಂತ ಮೇಲೆ ಅಲ್ಲಿ ಹನ್ನೊಂದು ಜನ. ಅವನ ಹಿಂದೆ ಬರೋನಿಗೆ ಆ ಗಾಡಿ ಇನ್ನೂ ಚೆನ್ನಾಗಿ ಕಾಣುತ್ತೆ. ನೆಟ್‌ವರ್ಕ್ ಓದೋರು ಇದಕ್ಕೆ ಪ್ರಿಫರೆನ್ಷಿಯಲ್ ಅಟ್ಯಾಚ್‌ಮೆಂಟ್ ಅಂತಾರೆ. 1999ರಲ್ಲಿ ಬರಾಬಾಸಿ ಮತ್ತು ಆಲ್ಬರ್ಟ್ ಇಬ್ಬರೂ ಸೇರಿ ಇದರ ಮಾಡೆಲ್ ಕೊಟ್ಟರು. ಹೊಸ ನೋಡ್ ಬಂದಾಗ, ಈಗಾಗಲೇ ಜಾಸ್ತಿ ಲಿಂಕ್ ಇರೋ ನೋಡಿಗೇ ಸೇರಿಕೊಳ್ಳೋ ಸಾಧ್ಯತೆ ಜಾಸ್ತಿ ಅಂತ ಇಟ್ಟುಕೊಂಡರೆ ಸಾಕು. ಕೆಲವರಿಗೆ ಸಾವಿರಾರು ಲಿಂಕ್, ಉಳಿದವರಿಗೆ ಬೆರಳೆಣಿಕೆಯಷ್ಟು ಅನ್ನೋ ಪರಿಸ್ಥಿತಿ ತಾನಾಗೇ ಹುಟ್ಟುತ್ತೆ. ದುಡ್ಡು ಇದ್ದ ಕಡೆಗೇ ದುಡ್ಡು ಹೋಗುತ್ತೆ ಅಂತ ಮನೇಲಿ ದೊಡ್ಡವರು ಹೇಳೋದು ಇದನ್ನೇ.

ಇದಕ್ಕಿಂತ ಹಳೆಯ, ಇದಕ್ಕಿಂತ ಸರಳವಾದ ಒಂದು ಲೆಕ್ಕ ಇದೆ. ಎಗ್ಗೆನ್‌ಬರ್ಗರ್ ಮತ್ತು ಪೋಲ್ಯಾ 1923ರಲ್ಲಿ ಬರೆದದ್ದು. ಒಂದು ಚೀಲದಲ್ಲಿ ಒಂದು ಕೆಂಪು, ಒಂದು ನೀಲಿ ಚೆಂಡು. ಕಣ್ಣು ಮುಚ್ಚಿ ಒಂದನ್ನ ತೆಗೆಯಿರಿ. ಯಾವ ಬಣ್ಣ ಬಂತೋ ಅದನ್ನ ವಾಪಸ್ ಹಾಕಿ, ಜೊತೆಗೆ ಅದೇ ಬಣ್ಣದ ಇನ್ನೊಂದು ಚೆಂಡು ಸೇರಿಸಿ. ಮತ್ತೆ ತೆಗೆಯಿರಿ. ಸಾವಿರ ಸಲ ಹೀಗೇ ಮಾಡಿ. ಕೆಂಪು ಅಂದ್ರೆ ಒಬ್ಬ ಕಲಾವಿದ, ನೀಲಿ ಅಂದ್ರೆ ಇನ್ನೊಬ್ಬ, ಒಂದೊಂದು ಚೆಂಡೂ ಒಂದೊಂದು ಫೇವರಿಟ್ ಅಂದ್ಕೊಳ್ಳಿ. ಇಬ್ಬರೂ ಶುರುವಿನಲ್ಲಿ ಎಲ್ಲಾ ರೀತಿಯಲ್ಲೂ ಸಮ.

ಕೊನೆಗೂ ಇಬ್ಬರಿಗೂ ಹತ್ತಿರ ಹತ್ತಿರ 50-50 ಬರುತ್ತೆ ಅಂತ ನಾನು ಅಂದ್ಕೊಂಡಿದ್ದೆ. ಪೈಥಾನಲ್ಲಿ ಹತ್ತು ಸಾಲು ಬರೆದು ರನ್ ಮಾಡಿದಾಗ ಒಂದು ಸಲ ಒಂದು ಉತ್ತರ, ಮತ್ತೊಂದು ಸಲ ಬೇರೇನೋ ಉತ್ತರ. ಕೋಡ್ ತಪ್ಪು ಅಂದ್ಕೊಂಡೆ. ತಪ್ಪಿರಲಿಲ್ಲ. ಕೊನೆಯಲ್ಲಿ ಕೆಂಪಿನ ಪಾಲು 0ಯಿಂದ 100ರ ತನಕ ಎಷ್ಟು ಬೇಕಾದರೂ ಆಗಬಹುದು, ಎಲ್ಲದಕ್ಕೂ ಸಮಾನ ಸಾಧ್ಯತೆ. 45ರಿಂದ 55ರ ಒಳಗೆ, ಅಂದ್ರೆ ಸುಮಾರು ಸಮಸಮ ಬರೋದು 10ರಲ್ಲಿ 1 ಸಲ ಮಾತ್ರ. ಇಬ್ಬರಲ್ಲಿ ಯಾರೋ ಒಬ್ಬನಿಗೆ 90ಕ್ಕಿಂತ ಹೆಚ್ಚು ಪಾಲು ಸಿಕ್ಕಿಬಿಡೋದು 5ರಲ್ಲಿ 1 ಸಲ. ಟ್ಯಾಲೆಂಟ್‌ನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಿದ್ದರೂ ಹೀಗೆ!

ಇನ್ನೂ ಒಂದು ವಿಷಯ ಇದೆ. ಪಾಲು ಬೇಗ ಗಟ್ಟಿಯಾಗಿಬಿಡುತ್ತೆ. ಮೊದಲ ಹತ್ತು ಹದಿನೈದು ಚೆಂಡುಗಳಲ್ಲಿ ಸಂಖ್ಯೆ ಆ ಕಡೆ ಈ ಕಡೆ ಜೋರಾಗಿ ಓಲಾಡುತ್ತೆ. ಐನೂರನೇ ಚೆಂಡಿಗೆ ಅಲ್ಲಾಡೋದೇ ಇಲ್ಲ. ಅಂದ್ರೆ ಮೊದಲ ಹತ್ತು ಕ್ಲಿಕ್ ಯಾರದ್ದು ಅನ್ನೋದು ಆಮೇಲಿನ ಐನೂರು ಕ್ಲಿಕ್ಕಿಗಿಂತ ಮುಖ್ಯ.

ಹಾಗಾದ್ರೆ ಎಲ್ಲಾ ಲಕ್ಕಾ?

ಅಲ್ಲ. ಚೀಲದ ಲೆಕ್ಕದಲ್ಲಿ ಇಬ್ಬರೂ ಸಮ ಅಂತ ನಾವೇ ಹೇಳಿದ್ದು. ನಿಜದಲ್ಲಿ ಹಾಗಿರಲ್ಲ. ಇದನ್ನ ಪರೀಕ್ಷೆ ಮಾಡಿದವರು ಸಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್, 2006ರಲ್ಲಿ, ಚಿತ್ರದ ಬದಲು ಹಾಡು ಇಟ್ಟುಕೊಂಡು. ಯಾರಿಗೂ ಗೊತ್ತಿಲ್ಲದ ಬ್ಯಾಂಡುಗಳ 48 ಹಾಡು, 14,341 ಜನ. ಕೆಲವರಿಗೆ ಬರೀ ಹಾಡುಗಳನ್ನ ಕೊಟ್ಟರು. ಉಳಿದವರನ್ನ ಒಂದಕ್ಕೊಂದು ಸಂಬಂಧವಿಲ್ಲದ 8 ಗುಂಪು ಮಾಡಿ, ಆ ಗುಂಪಿನಲ್ಲಿ ಯಾವ ಹಾಡು ಎಷ್ಟು ಸಲ ಡೌನ್‌ಲೋಡ್ ಆಗಿದೆ ಅಂತ ತೋರಿಸಿದರು. ಹಾಡುಗಳು ಅವೇ, ಶುರುವಿನಲ್ಲಿ ಎಲ್ಲದರ ಲೆಕ್ಕವೂ ಸೊನ್ನೆ.

ಎಂಟೂ ಗುಂಪಲ್ಲಿ ಹಿಟ್ ಆದ ಹಾಡುಗಳು ಒಂದೇ ಆಗಿರಲಿಲ್ಲ. ತುಂಬಾ ಒಳ್ಳೆಯ ಹಾಡು ಪೂರ್ತಿ ಮಕಾಡೆ ಮಲಗಿದ್ದು ಕಡಿಮೆ, ತುಂಬಾ ಕೆಟ್ಟ ಹಾಡು ಮೇಲೆ ಬಂದಿದ್ದೂ ಕಡಿಮೆ. ನಡುವಿನವು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಡೌನ್‌ಲೋಡ್ ಆದ ಕ್ರಮದಲ್ಲೇ ಪಟ್ಟಿ ಮಾಡಿ ತೋರಿಸಿದಾಗ ಅಂತರ ಇನ್ನೂ ಜಾಸ್ತಿಯಾಯ್ತು, ಯಾವುದು ಗೆಲ್ಲುತ್ತೆ ಅಂತ ಊಹಿಸೋದು ಇನ್ನೂ ಕಷ್ಟವಾಯ್ತು. ಯಾವ ಸೈಟಿಗೆ ಹೋದರೂ 'ಪಾಪ್ಯುಲರ್' ಅನ್ನೋ ಟ್ಯಾಬ್ ಇರುತ್ತಲ್ಲ, ಅದು ಮಾಡೋದೂ ಇದೇ ಕೆಲಸ.

ಹಾಗಾಗಿ ಕೈಚಳಕ ಅನ್ನೋದು ಗೇಟ್ ಪಾಸ್ ಇದ್ದಂಗೆ. ಇಲ್ಲದಿದ್ದರೆ ಒಳಗೆ ಬಿಡಲ್ಲ. ಆದರೆ ಒಳಗೆ ಬಂದ ಮೇಲೆ ಎಲ್ಲಿ ಕೂರ್ತೀರಾ ಅನ್ನೋದನ್ನ ಅದೊಂದೇ ತೀರ್ಮಾನ ಮಾಡಲ್ಲ.

ಮೊದಲ ಹತ್ತು ಕ್ಲಿಕ್ ಎಲ್ಲಿಂದ ಬರುತ್ತೆ?

ಮುಖ್ಯವಾದ ಪ್ರಶ್ನೆ ಇದು. ಫ್ಲಿಕರ್ ಅನ್ನೋ ಫೋಟೋ ತಾಣದ ಬಗ್ಗೆ 2009ರಲ್ಲಿ ಚಾ, ಮಿಸ್ಲೊವ್ ಮತ್ತು ಗುಮ್ಮಡಿ ಒಂದು ಪೇಪರ್ ಪ್ರಕಟಿಸಿದರು. 25 ಲಕ್ಷ ಬಳಕೆದಾರರು 1.1 ಕೋಟಿ ಫೋಟೋಗಳಿಗೆ ಕೊಟ್ಟ ಫೇವರಿಟ್‌ಗಳ ಲೆಕ್ಕ ಅದು. ಫೇವರಿಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ನೇಹಿತರಿಂದ ಸ್ನೇಹಿತರಿಗೆ ದಾಟಿ ಬಂದಿರೋ ಸಾಧ್ಯತೆ ಇದೆ ಅಂತ ಅವರು ಕಂಡುಕೊಂಡರು. ಜನಪ್ರಿಯ ಫೋಟೋ ಅಂದ್ರೆ ಬೆಂಕಿ ಥರ ಇಡೀ ಸೈಟಿಗೆ ಹಬ್ಬುತ್ತೆ ಅಂತ ನಾವು ಅಂದ್ಕೊಳ್ತೀವಿ. ಅದು ಹಾಗೆ ಹಬ್ಬಲಿಲ್ಲ. ಹಾಕಿದವರ ಅಕ್ಕಪಕ್ಕದಲ್ಲೇ, ಅದೂ ನಿಧಾನವಾಗಿ, ಒಬ್ಬರಿಂದ ಒಬ್ಬರಿಗೆ ಹೋಗೋವಾಗ ಪ್ರತಿ ಹೆಜ್ಜೆಗೂ ತಡವಾಗಿ ಹಬ್ಬಿತು.

ಅಂದ್ರೆ ಚಿತ್ರ ಹಾಕೋ ಮೊದಲೇ ನಿಮಗೆ ಅಲ್ಲಿ ಅಕ್ಕಪಕ್ಕ ಅನ್ನೋದು ಇರಬೇಕು. ಅದು ಹೇಗೆ ಬರುತ್ತೆ? 2000ದಲ್ಲಿ ಶುರುವಾದ ಡಿವಿಯಂಟ್‌ಆರ್ಟ್ ತೆಗೆದುಕೊಳ್ಳಿ. ಅಲ್ಲಿ ಒಬ್ಬರ ಚಿತ್ರಕ್ಕೆ ನೀವು ಕಾಮೆಂಟ್ ಬರೆದರೆ ನಿಮ್ಮ ಹೆಸರು ಅವರ ಪುಟದಲ್ಲಿ ಉಳಿಯುತ್ತೆ. ಅವರು ಕ್ಲಿಕ್ ಮಾಡ್ತಾರೆ, ಅವರ ಪುಟಕ್ಕೆ ಬಂದ ಬೇರೆಯವರೂ ಕ್ಲಿಕ್ ಮಾಡ್ತಾರೆ. ಇಷ್ಟವಾದರೆ ನಿಮ್ಮನ್ನ 'ವಾಚ್' ಮಾಡ್ತಾರೆ, ಆಮೇಲೆ ನೀವು ಹಾಕೋ ಚಿತ್ರ ಅವರಿಗೆ ತಾನಾಗೇ ಕಾಣಿಸುತ್ತೆ. ಚೀಲದಲ್ಲಿ ನಿಮ್ಮ ಬಣ್ಣದ ಚೆಂಡು ಒಂದರ ಬದಲು ಇಪ್ಪತ್ತು ಇದ್ದಂಗೆ. ಬರೀ "ಸೂಪರ್" ಅಂತ ನೂರು ಕಡೆ ಬರೆದರೆ ಇದು ನಡೆಯಲ್ಲ. "ನೆರಳಿಗೆ ಕಪ್ಪಿನ ಬದಲು ನೇರಳೆ ಯಾಕೆ ಹಾಕಿದ್ರಿ?" ಅಂತ ಕೇಳಿದವನ ಪುಟ ನೋಡಬೇಕು ಅನಿಸುತ್ತೆ. ಯಾಕಂದ್ರೆ ಅವನು ನಿಜವಾಗಿ ಚಿತ್ರ ನೋಡಿದ್ದಾನೆ.

ಅದೇ ಡಿವಿಯಂಟ್‌ಆರ್ಟಲ್ಲಿ ಲಾಮಾ ಬ್ಯಾಡ್ಜ್ ಅಂತ ಒಂದು ತಮಾಷೆ ಬಂತು. ಒಬ್ಬರು ಇನ್ನೊಬ್ಬರಿಗೆ ಒಂದೇ ಸಲ ಕೊಡಬಹುದು. ಜಾಸ್ತಿ ಬಂದಷ್ಟೂ ನಿಮ್ಮ ಲಾಮಾದ ರೂಪ ಬದಲಾಗುತ್ತೆ. ಕೂಡಲೇ "ನೀನು ಕೊಟ್ರೆ ನಾನೂ ಕೊಡ್ತೀನಿ" ವ್ಯಾಪಾರ ಶುರುವಾಯ್ತು. ಲಾಮಾಗಳ ಸಂಖ್ಯೆ ಏರಿತು. ಆದರೆ ಲಾಮಾ ಕೊಟ್ಟವನು ನಿಮ್ಮ ಒಂದು ಚಿತ್ರವನ್ನಾದರೂ ನೋಡಿರಬೇಕು ಅಂತೇನಿಲ್ಲ. ಮದುವೆ ಮನೆ ಮುಯ್ಯಿ ಥರ, ಲೆಕ್ಕ ಚುಕ್ತಾ ಅಷ್ಟೇ.

ಒಂದೇ ಬಟನ್, ಹಲವು ಅರ್ಥ

ಇನ್ನು ಫೇವರಿಟ್ ಬಟನ್. ಅದನ್ನ ಒತ್ತಿದವರೆಲ್ಲ ಒಂದೇ ಮಾತು ಹೇಳ್ತಿಲ್ಲ. ಚಿತ್ರ ಚೆನ್ನಾಗಿದೆ ಅಂತ ಕೆಲವರು ಒತ್ತುತ್ತಾರೆ. ಆ ಪಾತ್ರ ಇಷ್ಟ ಅಂತ ಕೆಲವರು. ಕೈ ಬಿಡಿಸೋದು ಹೇಗೆ ಅನ್ನೋ ಟ್ಯುಟೋರಿಯಲ್ ಆದ್ರೆ ಆಮೇಲೆ ನೋಡೋಕೆ ಇರಲಿ ಅಂತ ಒತ್ತುತ್ತಾರೆ, ಅದು ಬರೀ ಬುಕ್‌ಮಾರ್ಕ್. ಗೆಳೆಯ ಅಂತ ಒತ್ತೋರೂ ಇದಾರೆ. ನಾಲ್ಕು ಬೇರೆ ಬೇರೆ ಸಿಗ್ನಲ್ ಒಂದೇ ವೈರಲ್ಲಿ ಬಂದು ಒಂದೇ ಸಂಖ್ಯೆಯಾಗಿ ಕೂಡಿಕೊಳ್ತವೆ. ಕೂಡಿದ ಮೇಲೆ ಬಿಡಿಸೋಕಾಗಲ್ಲ.

ನನ್ನ ರೂಮ್‌ಮೇಟಿನ 400 ಇದರಿಂದ ಅರ್ಥವಾಗುತ್ತೆ. ಆ ಪಾತ್ರದ ಹೆಸರು ಟೈಪ್ ಮಾಡಿ ಹುಡುಕೋರು ಲಕ್ಷಗಟ್ಟಲೆ ಇದಾರೆ. 'ನಿದ್ದೆ ಮಾಡೋ ಅಜ್ಜಿ ಇರೋ ಕೆಂಪು ಬಸ್ಸು' ಅಂತ ಯಾರೂ ಹುಡುಕಲ್ಲ.

ಹಾಗಂತ ಫ್ಯಾನ್ ಆರ್ಟ್ ಕೀಳು, ಜನಪ್ರಿಯತೆ ಸುಳ್ಳು ಅಂತ ಹೇಳೋದು ತಪ್ಪಾಗುತ್ತೆ. ಯೂಮೆಯಿ ಅನ್ನೋ ಹೆಸರಲ್ಲಿ ಬಿಡಿಸೋ ವೆನ್‌ಚಿಂಗ್ ಯಾನ್ ಡಿವಿಯಂಟ್‌ಆರ್ಟಲ್ಲಿ ತುಂಬಾ ಹೆಸರು ಮಾಡಿದವರು. ಅವರು ಬೆಕ್ಕಿನ ಕಿವಿ ಇರೋ ಒಂದು ಹೆಡ್‌ಫೋನಿನ ಚಿತ್ರ ಬಿಡಿಸಿದ್ದರು. ಅದು ನಿಜವಾಗಿ ಸಿಗುತ್ತಾ ಅಂತ ಜನ ಕೇಳೋಕೆ ಶುರುಮಾಡಿದರು. 2014ರಲ್ಲಿ ಇಂಡೀಗೋಗೋ ಮೂಲಕ ಅದಕ್ಕೆ 30 ಲಕ್ಷ ಡಾಲರಿಗೂ ಹೆಚ್ಚು ಹಣ ಬಂತು, ಚಿತ್ರ ಹೋಗಿ ಪ್ರಾಡಕ್ಟ್ ಆಯ್ತು. ಅಷ್ಟು ಜನ ನೋಡೋರು ಇರದಿದ್ದರೆ ಅದು ಆಗ್ತಿರಲಿಲ್ಲ. ಸಂಖ್ಯೆಗೆ ಬೆಲೆ ಇದೆ. ಆದರೆ ಅದು ನಿಮ್ಮ ಮಾತು ಎಷ್ಟು ಜನರ ತನಕ ತಲುಪುತ್ತೆ ಅನ್ನೋದರ ಬೆಲೆ. ಮಾತು ಹೇಗಿದೆ ಅನ್ನೋದು ಬೇರೆ ಲೆಕ್ಕ.

ಚಿತ್ರ ಬಿಡಿಸೋರು ಏನು ಮಾಡಬಹುದು?

ನಮ್ಮ ಕ್ಯಾಂಪಸ್ಸಲ್ಲೇ ನೋಟ್ಸ್ ಹಿಂದಿನ ಪುಟದಲ್ಲಿ ಬಿಡಿಸೋರು ಎಷ್ಟೋ ಜನ ಇದೀರ. ನಾನು ಓದಿದ್ದರಿಂದ ತೋಚಿದ್ದು ಮೂರು.

ಒಂದು, ಹಾಕೋದಕ್ಕಿಂತ ಮೊದಲು ನೋಡಿ. ದಿನಕ್ಕೆ ಇಬ್ಬರ ಚಿತ್ರಕ್ಕೆ, ಗಮನಿಸಿ, ಒಂದು ಪೂರ್ತಿ ವಾಕ್ಯ ಬರೆಯಿರಿ. ಎರಡು, ಎಲ್ಲರೂ ಒಟ್ಟಿಗೆ ಬಿಡಿಸೋ ಸಮಯದಲ್ಲಿ ಸೇರಿಕೊಳ್ಳಿ. 2009ರಲ್ಲಿ ಜೇಕ್ ಪಾರ್ಕರ್ ಶುರುಮಾಡಿದ ಇಂಕ್ಟೋಬರ್ ಅಂಥದ್ದು, ಅಕ್ಟೋಬರ್ ಪೂರ್ತಿ ದಿನಕ್ಕೊಂದು ಇಂಕ್ ಚಿತ್ರ. ಅಂಥ ಹೊತ್ತಲ್ಲಿ ಹೊಸಬರಿಗೂ ಅಕ್ಕಪಕ್ಕ ಸಿಗುತ್ತೆ. ಮೂರು, ಒಂದು ವಾರದ ಸಂಖ್ಯೆ ನೋಡಿ ಡಿಲೀಟ್ ಮಾಡಬೇಡಿ. ಚೆನ್ನಾಗಿ ಓಡಿದ ಫೋಟೋಗಳೇ ನಿಧಾನವಾಗಿ ಹಬ್ಬಿದವು ಅಂತ ಫ್ಲಿಕರ್ ಲೆಕ್ಕ ಹೇಳುತ್ತೆ. ಮುಂದೆ ಯಾವತ್ತೋ ನಿಮ್ಮನ್ನ ವಾಚ್ ಮಾಡೋರು ಹಿಂದಕ್ಕೆ ಸ್ಕ್ರಾಲ್ ಮಾಡ್ತಾರೆ, ಅಲ್ಲಿ ಏನಾದ್ರೂ ಇರಬೇಕಲ್ಲ.

ಇದನ್ನೆಲ್ಲಾ ನಾನು ರೂಮಲ್ಲಿ ಹೇಳಿದೆ, ಪೈಥಾನ್ ಗ್ರಾಫನ್ನೂ ತೋರಿಸಿದೆ. ಅವನು ಗ್ರಾಫ್ ಸರಿಯಾಗಿ ನೋಡಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಒಂದು ವಿಷಯ ಹೇಳಿದ. 400 ಬಂದ ಚಿತ್ರದ ಕೆಳಗೆ ಇದ್ದಿದ್ದು ಬರೀ ಬೆಂಕಿ ಇಮೋಜಿ. ಬಸ್ಸಿನ ಚಿತ್ರಕ್ಕೆ ಬಂದಿದ್ದು ಒಂದೇ ಕಾಮೆಂಟ್, ಯಾವ ದೇಶದವರೋ ಗೊತ್ತಿಲ್ಲ, "ಆ ಅಜ್ಜಿ ಎಲ್ಲಿಗೆ ಹೋಗ್ತಿದಾರೆ?" ಅಂತ ಕೇಳಿದ್ದರು. ಅವನು ಉತ್ತರ ಕೊಟ್ಟಿರಲಿಲ್ಲ. ಡಿಲೀಟ್ ಮಾಡಿದಾಗ ಅದೂ ಹೋಯ್ತು.

ಕಾಗದ ಇನ್ನೂ ಇದೆ, ಅವನ ಡ್ರಾಯಿಂಗ್ ಬೋರ್ಡಿನ ಹಿಂದೆ. ಈ ಭಾನುವಾರ ಮತ್ತೆ ಸ್ಕ್ಯಾನ್ ಮಾಡಿ ಹಾಕ್ತಾನಂತೆ. ಅಜ್ಜಿ ಎಲ್ಲಿಗೆ ಹೋಗ್ತಿದ್ರು ಅಂತ ಈ ಸಲ ಕೆಳಗೆ ಬರೀತಾನಂತೆ.