ಹಳೆಯ ಹೆರಾಲ್ಡ್‌ಗೆ ಯಾವ ಸ್ಟೀರಿಂಗ್?

ಪ್ರಶ್ನೆ: ಅಜ್ಜನ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಸ್ಟೀರಿಂಗ್ ಸೀಳು ಬಿಟ್ಟಿದೆ. ಅದರ ಬದಲು ಸಣ್ಣ ಸ್ಪೋರ್ಟ್ಸ್ ಸ್ಟೀರಿಂಗ್ ಹಾಕಿಸಬಹುದೇ? – ಓದುಗರು, ಮೇಲವಂಕಿ

ಉತ್ತರ: ಹಾಕಿಸಬಹುದು, ಆದರೆ ಬಹಳ ಸಣ್ಣದು ಬೇಡ. 1961ರಿಂದ ಮದರಾಸಿನಲ್ಲಿ ತಯಾರಾದ ಈ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ಗಾಲಿ ತಿರುಗುವುದು ನಿಮ್ಮ ತೋಳಿನ ಬಲದಿಂದಲೇ. 400 ಮಿ.ಮೀ. ವ್ಯಾಸದ ಸ್ಟೀರಿಂಗ್ ಚಕ್ರ ತೆಗೆದು 350ರದ್ದು ಕೂರಿಸಿದರೆ ಏಳನೇ ಒಂದು ಪಾಲು ಹೆಚ್ಚು ಬಲ ಬೇಕು. ವೇಗದಲ್ಲಿ ಇದು ಗೊತ್ತಾಗದು. ಆದರೆ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಹಿಂದೆ ಮುಂದೆ ಮಾಡುವಾಗ ಭುಜ ಸೋಲುತ್ತದೆ. 380ರ ಆಸುಪಾಸಿನದು ನನ್ನ ಆಯ್ಕೆ.

ಅಳತೆಗಿಂತ ಮುಖ್ಯವಾದದ್ದು ನಡುವಿನ ಬಾಸ್, ಅಂದರೆ ಚಕ್ರವನ್ನು ಶಾಫ್ಟಿಗೆ ಜೋಡಿಸುವ ಭಾಗ. ಅದರ ಒಳಹಲ್ಲುಗಳು ನಿಮ್ಮ ಕಾರಿನ ಶಾಫ್ಟಿನ ಹಲ್ಲಿಗೆ ಸರಿಯಾಗಿ ಕೂಡಲೇಬೇಕು. ಅರೆದು, ಬೆಸುಗೆ ಹಾಕಿ ಹೊಂದಿಸಲು ಯಾರೇ ಹೇಳಿದರೂ ಒಪ್ಪಬೇಡಿ. ಚಕ್ರದ ಬೋಲ್ಟುಗಳ ವೃತ್ತವನ್ನೂ ಅಳೆಯಿರಿ: ಇಟಲಿಯ ಮೊಮೊ ಕಂಪನಿಯ ಚಕ್ರದಲ್ಲಿ ಅದು 70 ಮಿ.ಮೀ., ನಾರ್ಡಿ ಕಂಪನಿಯದರಲ್ಲಿ 74. ಹಾರ್ನ್ ತಂತಿಗೆ ಜಾಗವಿದೆಯೇ ನೋಡಿ. ಮರದ ಚಕ್ರ ಚೆಂದ, ಆದರೆ ಬೇಸಿಗೆಯ ಬೆವರಿಗೆ ಚರ್ಮದ ಹೊದಿಕೆಯೇ ಹಿಡಿತಕ್ಕೆ ಮೇಲು. ಹಳೆಯದನ್ನು ಎಸೆಯಬೇಡಿ. ಬರೀ ಹೊರಸುತ್ತು ಸೀಳಿದ್ದರೆ ಎಪಾಕ್ಸಿ ತುಂಬಿಸಿ ದುರಸ್ತಿ ಮಾಡಿಸಬಹುದು. ಒಳಗಿನ ಉಕ್ಕು ತುಕ್ಕು ತಿಂದಿದ್ದರೆ ಮಾತ್ರ ಬದಲಿಸಿ.