ಕುಬುಸಕ್ಕೂ ಮೊದಲೇ ಆಗಬೇಕಾದ ಆರೈಕೆ

ಗರ್ಭಿಣಿಯ ಆರೈಕೆಯಲ್ಲಿ ನಮ್ಮ ಸೀಮೆಯ ಮನೆತನಗಳು ಹಿಂದೆ ಬಿದ್ದವಲ್ಲ. ಚನ್ನಗಿರಿಯ ಅಡಿಕೆ ತೋಟದ ಮನೆಯಾಗಲಿ, ಹೊನ್ನಾಳಿ, ನ್ಯಾಮತಿಗಳ ರೈತರ ಮನೆಯಾಗಲಿ, ಮಳೆಯನ್ನೇ ನೆಚ್ಚಿದ ಜಗಳೂರಿನ ಮನೆಯಾಗಲಿ, ಬಯಕೆಯ ಊಟ, ಐದು ಅಥವಾ ಏಳನೆಯ ತಿಂಗಳ ಕುಬುಸ, ಚೊಚ್ಚಲ ಹೆರಿಗೆಗೆ ತವರಿನ ಪಯಣ ಇವೆಲ್ಲವೂ ಕ್ರಮವಾಗಿ ನೆರವೇರುತ್ತವೆ. ಆದರೆ ಅದೇ ಮನೆಯ ಪಡಸಾಲೆಯಲ್ಲಿ ಗಂಡನೋ ಮಾವನೋ ಸೇದುವ ಬೀಡಿಯ ಹೊಗೆಯನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ.

ಗರ್ಭ ನಿಂತ ಸುಮಾರು 4ನೆಯ ವಾರದಲ್ಲಿಯೇ ಶಿಶುವಿನ ಶ್ವಾಸಕೋಶದ ಮೊಳಕೆ ಮೂಡುತ್ತದೆ. ಅದು ಮರದಂತೆ ಕವಲೊಡೆಯುತ್ತ, 16 ವಾರಗಳ ಸುಮಾರಿಗೆ ಶ್ವಾಸನಾಳಗಳ ಕವಲುಗಳು ಬಹುಮಟ್ಟಿಗೆ ಪೂರ್ಣಗೊಳ್ಳುತ್ತವೆ. ಎಂದರೆ, ನಾವು ಕುಬುಸದ ಸಿದ್ಧತೆ ನಡೆಸುವ ಹೊತ್ತಿಗೆ ಆ ಕಟ್ಟಡದ ಅಡಿಪಾಯ ಬಿದ್ದಾಗಿರುತ್ತದೆ.

ತಾಯಿ ಸೇದದಿದ್ದರೂ, ಆಕೆ ಉಸಿರಾಡಿದ ಹೊಗೆಯ ನಿಕೋಟಿನ್ ಮಾಸನ್ನು ದಾಟಿ ಶಿಶುವನ್ನು ಸೇರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ರಕ್ತವನ್ನು ಹಿಡಿದುಕೊಳ್ಳುತ್ತದೆ. ಅಷ್ಟರಮಟ್ಟಿಗೆ ಶಿಶುವಿಗೆ ಸಲ್ಲಬೇಕಾದ ಪ್ರಾಣವಾಯು ಕಡಿಮೆಯಾಗುತ್ತದೆ. ತಾಯಿಯೇ ಧೂಮಪಾನಿಯಾದಲ್ಲಿ ಮಗುವಿನ ಶ್ವಾಸನಾಳಗಳು ಕಿರಿದಾಗುವುದು ದೃಢಪಟ್ಟ ಸಂಗತಿ. ಪರರ ಹೊಗೆಯ ಪರಿಣಾಮ ಅದಕ್ಕಿಂತ ಕಡಿಮೆಯಿದ್ದರೂ, ಅಂತಹ ಮಕ್ಕಳಲ್ಲಿ ಗೊರಗೊರ ಉಸಿರು, ಉಬ್ಬಸಗಳ ಸಂಭವ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಜನನದ ತೂಕವೂ ತಗ್ಗುತ್ತದೆ.

2003ರ ಕಾಯಿದೆಯೂ 2008ರ ನಿಯಮಗಳೂ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿವೆ. ಆದರೆ ಕಾಯಿದೆ ನಮ್ಮ ಹೊಸ್ತಿಲನ್ನು ದಾಟಿ ಬರುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇಕಡಾ 38.7ರಷ್ಟು ವಯಸ್ಕರು ಮನೆಯಲ್ಲಿಯೇ ಪರರ ಹೊಗೆಗೆ ಒಳಗಾಗುತ್ತಿದ್ದುದು ಕಂಡುಬಂದಿತು.

ಮಾವನೆದುರು ಸೊಸೆ ಬಾಯಿ ತೆರೆದು ಹೇಳಲಾರಳು. ಆದುದರಿಂದ ಈ ಮಾತನ್ನು ಎತ್ತಬೇಕಾದವರು ಅತ್ತೆಯವರು, ಮೈದುನರು, ಮನೆಯ ಹಿರಿಯರು. ಕಿಟಕಿ ತೆರೆದರೆ ಸಾಲದು. ಬೀಡಿ ಸಿಗರೇಟುಗಳು ಮನೆಯ ಒಳಗಿನಿಂದ ಹೊರಗೆ ಹೋಗಬೇಕು. ತವರಿನಲ್ಲಿಯೂ ಇದೇ ಕಟ್ಟಳೆ ಇರಲಿ. ಕೂಸು ಹುಟ್ಟಿದ ಮೇಲೆಯೂ ಶ್ವಾಸಕೋಶದ ಗಾಳಿಗೂಡುಗಳು ವರ್ಷಗಟ್ಟಲೆ ಬೆಳೆಯುವುದರಿಂದ ಬಾಣಂತನದ ನಂತರವೂ ಅದನ್ನು ಸಡಿಲಿಸಲಾಗದು. ಚಟ ಬಿಡಬಯಸುವವರಿಗೆ 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ.

ಮೊಮ್ಮಗುವಿಗೆ ಬೆಳ್ಳಿಯ ಉಡುದಾರ ಮಾಡಿಸುವ ಅಜ್ಜನು, ಅದಕ್ಕೂ ಮೊದಲು ಶುದ್ಧವಾದ ಗಾಳಿಯನ್ನು ಕೊಡಲಿ. ಅದಕ್ಕೆ ಕಾಸು ಖರ್ಚಿಲ್ಲ.